ಫಿಶ್ ಟ್ಯಾಂಕ್ ನೀರು ಎಷ್ಟು ಡಿಗ್ರಿ ಇರಬೇಕು? ಗೋಲ್ಡ್ ಫಿಶ್, ನಿಯಾನ್, ಫೈಟರ್ ಮೂರೂ ಒಂದೇ ಟ್ಯಾಂಕಿನಲ್ಲಿವೆ

ಎರಡಡಿ_ಟ್ಯಾಂಕ್ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಜಯನಗರದಲ್ಲಿ. ಮಗಳು ತುಂಬಾ ದಿನದಿಂದ ಕೇಳುತ್ತಿದ್ದಳು ಅಂತ ಎರಡು ಅಡಿ ಟ್ಯಾಂಕ್ ತಂದೆವು. 60 ಲೀಟರ್ ಹತ್ತಿರ ನೀರು ಹಿಡಿಯುತ್ತದೆ. ಎರಡು ಗೋಲ್ಡ್ ಫಿಶ್, ಎಂಟು ನಿಯಾನ್ ಟೆಟ್ರಾ, ಒಂದು ಫೈಟರ್ ಇವೆ. ಅಂಗಡಿಯವರು 300 ವ್ಯಾಟ್ ಹೀಟರ್ ಕೊಟ್ಟು, "28ಕ್ಕೆ ಇಡಿ, ಎಲ್ಲಾ ಮೀನಿಗೂ ಆಗುತ್ತೆ" ಅಂದರು.

ಈಗ ಡಿಸೆಂಬರ್ ಚಳಿ. 28ಕ್ಕೆ ಇಟ್ಟರೆ ಗೋಲ್ಡ್ ಫಿಶ್‌ಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ಎಳೆಯುತ್ತವೆ. ಹೀಟರ್ ಆಫ್ ಮಾಡಿದರೆ ಬೆಳಗ್ಗೆ ಫೈಟರ್ ಗಿಡದ ಎಲೆ ಮೇಲೆ ಮಲಗಿಬಿಡುತ್ತದೆ, ಕಾಳು ಹಾಕಿದರೂ ತಿರುಗಿ ನೋಡುವುದಿಲ್ಲ. ನಿಯಾನ್‌ಗಳ ಕೆಂಪು ಬಣ್ಣವೂ ಮಂಕಾಗಿದೆ. ಎಷ್ಟಕ್ಕೆ ಇಡಬೇಕು? ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗಪ್ಪಿಮನೆ (ಮೈಸೂರು)

ಸರ್, ನಿಮ್ಮ ಮೂರು ಮೀನಿಗೂ ಸರಿಹೊಂದುವ ಒಂದು ನಂಬರ್ ಇಲ್ಲ. ನೀವು ಎಷ್ಟಕ್ಕೆ ಇಟ್ಟರೂ ಯಾರೋ ಒಬ್ಬರಿಗೆ ಕಷ್ಟ. ಹಾಗಾಗಿ ಡಿಗ್ರಿ ಆಮೇಲೆ, ಮೊದಲು ಮೀನು ನೋಡೋಣ.

ಗೋಲ್ಡ್ ಫಿಶ್ ಚೀನಾದ ಕಾರ್ಪ್ ಜಾತಿಯ ಮೀನಿನಿಂದ ಬಂದಿದ್ದು. ತಣ್ಣನೆ ನೀರಿನ ಜೀವ. 18ರಿಂದ 23 ಡಿಗ್ರಿ ಇದ್ದರೆ ಆರಾಮ. ಫೈಟರ್ ಥಾಯ್ಲೆಂಡ್ ಕಡೆಯ ಗದ್ದೆ, ಜೌಗು ನೀರಿನದು. ಅದಕ್ಕೆ 25ರಿಂದ 28 ಬೇಕು. ನಿಯಾನ್ ಅಮೆಜಾನ್ ಕಾಡಿನ ನೆರಳಿನ ತೊರೆಗಳಲ್ಲಿ ಬದುಕುವಂಥದ್ದು, 22ರಿಂದ 25ರಲ್ಲಿ ಚೆನ್ನಾಗಿರುತ್ತದೆ. ನಿಯಾನ್ ಮತ್ತು ಫೈಟರ್ ಇಬ್ಬರಿಗೂ 25 ಆಗುತ್ತದೆ. ಗೋಲ್ಡ್ ಫಿಶ್ ಆ ಗುಂಪಿಗೆ ಸೇರುವುದಿಲ್ಲ.

ಅದಲ್ಲದೆ 60 ಲೀಟರ್ ಎರಡು ಗೋಲ್ಡ್ ಫಿಶ್‌ಗೆ ಚಿಕ್ಕದು. ಅವು ಬೆಳೆದ ಮೇಲೆ ನಿಯಾನ್ ಬಾಯಿಗೆ ಸಿಕ್ಕರೆ ನುಂಗುತ್ತವೆ. ಅವನ್ನು ದೊಡ್ಡ ಟಬ್ಬಿಗೋ, ಹೀಟರ್ ಇಲ್ಲದ ಬೇರೆ ಟ್ಯಾಂಕಿಗೋ ಬದಲಾಯಿಸಿ.

ಇನ್ನೊಂದು ಮಾತು. ಥರ್ಮಾಮೀಟರ್ ಇದೆಯಾ? ಹೀಟರ್ ಮೇಲಿನ ಗೆರೆಯನ್ನು ನಂಬಬೇಡಿ. 26 ಅಂತ ತಿರುಗಿಸಿದರೆ ನೀರು 24ಕ್ಕೋ 28ಕ್ಕೋ ನಿಲ್ಲುವ ಹೀಟರ್‌ಗಳು ಬೇಕಾದಷ್ಟಿವೆ. ಹೊರಗೆ ಗಾಜಿಗೆ ಅಂಟಿಸುವ ಪಟ್ಟಿಯೂ ಬೇಡ. ಅದು ಗಾಜಿನ ಬಿಸಿ, ಕೋಣೆಯ ಬಿಸಿ ಎರಡನ್ನೂ ಕಲಸಿ ತೋರಿಸುತ್ತದೆ. ನೀರೊಳಗೆ ಮುಳುಗುವ ಥರ್ಮಾಮೀಟರ್ ತಗೊಳ್ಳಿ. ಹೀಟರ್ ಇರುವ ಮೂಲೆಯ ಎದುರು ಮೂಲೆಯಲ್ಲಿ ಇಡಿ.

ಹಳೇ_ಟ್ಯಾಂಕ್ (ಬೆಂಗಳೂರು)

ಬೆಂಗಳೂರಿಗೆ ಹೀಟರ್ ಯಾಕೆ ಸ್ವಾಮಿ? ನಾನು ಹೀಟರ್ ಇಲ್ಲದೆಯೇ ಗಪ್ಪಿ, ಪ್ಲಾಟಿ, ಜೀಬ್ರಾ ಡೇನಿಯೊ ಸಾಕಿದ್ದೇನೆ. ಮರಿ ಮೇಲೆ ಮರಿ ಹಾಕಿವೆ. ಅಂಗಡಿಯವರಿಗೆ ಮಾರುವುದು ಬೇಕು, ಅಷ್ಟೇ.

ಗಪ್ಪಿಮನೆ (ಮೈಸೂರು)

ನಿಮ್ಮ ಮೀನುಗಳ ಹೆಸರಲ್ಲೇ ಉತ್ತರ ಇದೆ ಸರ್. ಜೀಬ್ರಾ ಡೇನಿಯೊ ನಮ್ಮ ದೇಶದ್ದೇ ಮೀನು, 18 ಡಿಗ್ರಿಯಲ್ಲೂ ಓಡಾಡಿಕೊಂಡಿರುತ್ತದೆ. ಪ್ಲಾಟಿ, ಗಪ್ಪಿ 22ಕ್ಕೆ ಹೊಂದಿಕೊಳ್ಳುತ್ತವೆ. ನಿಮ್ಮ ಮನೆಯ ನೀರಿಗೆ ಹೊಂದುವ ಮೀನನ್ನೇ ನೀವು ಸಾಕಿದ್ದೀರಿ. ನನ್ನ ಪ್ರಕಾರ ಅದೇ ಸರಿಯಾದ ದಾರಿ. ಆದರೆ ಅದೇ ನೀರಿಗೆ ಡಿಸ್ಕಸ್ ಬಿಟ್ಟು ನೋಡಿ, ಉಳಿಯುವುದಿಲ್ಲ. ಅದಕ್ಕೆ 28ರಿಂದ 30 ಬೇಕು.

ಪ್ರಾಣಿಶಾಸ್ತ್ರ_ಮೇಷ್ಟ್ರು (ಧಾರವಾಡ)

ಗೋಲ್ಡ್ ಫಿಶ್ ಯಾಕೆ ಮೇಲೆ ಬರುತ್ತಿದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ.

ನಮ್ಮ ಮೈ ಬಿಸಿ ಸುಮಾರು 37ರಲ್ಲೇ ಇರುತ್ತದೆ. ಮೀನಿಗೆ ಹಾಗಿಲ್ಲ. ನೀರು ಎಷ್ಟು ಬಿಸಿಯೋ ಮೀನಿನ ಮೈಯೂ ಹೆಚ್ಚುಕಮ್ಮಿ ಅಷ್ಟೇ ಬಿಸಿ. ನೀರು ಬಿಸಿಯಾದಂತೆ ಅದರ ಮೈಯೊಳಗಿನ ಕೆಲಸವೆಲ್ಲ ಜೋರಾಗುತ್ತದೆ. ಉಸಿರು ಜಾಸ್ತಿ, ಹಸಿವು ಜಾಸ್ತಿ, ಗಲೀಜೂ ಜಾಸ್ತಿ. ಅದೇ ಹೊತ್ತಿಗೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 25ಕ್ಕೆ ಅದು 8.3, 30ಕ್ಕೆ 7.5ರ ಹತ್ತಿರ. ಬೇಕಾದದ್ದು ಏರುತ್ತದೆ, ಸಿಗುವುದು ಇಳಿಯುತ್ತದೆ. ಗೋಲ್ಡ್ ಫಿಶ್‌ನಂಥ ದಪ್ಪ ಮೀನಿಗೆ ಈ ಪೆಟ್ಟು ಮೊದಲು ತಗಲುತ್ತದೆ. ಫೈಟರ್‌ಗೆ ತಲೆಯಲ್ಲಿ ಇನ್ನೊಂದು ಉಸಿರಾಟದ ಅಂಗ ಇದೆ, ಅದು ಮೇಲಿನ ಗಾಳಿಯನ್ನೇ ನುಂಗಿ ಬದುಕಬಲ್ಲದು. ಅದಕ್ಕೇ ಒಂದೇ ಟ್ಯಾಂಕಿನಲ್ಲಿ ಒಂದು ಒದ್ದಾಡುತ್ತಿದೆ, ಇನ್ನೊಂದು ಸುಮ್ಮನಿದೆ.

ಅಮೋನಿಯಾ ಕೂಡ ನೆನಪಿರಲಿ. ಮೀನಿನ ಗಲೀಜಿನಿಂದ ಬರುವ ಅಮೋನಿಯಾದಲ್ಲಿ ಒಂದು ಭಾಗ ಮಾತ್ರ ತೀರಾ ವಿಷ. ನೀರು ಬಿಸಿಯಾದಷ್ಟೂ ಆ ಭಾಗ ಹಿಗ್ಗುತ್ತದೆ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರಿದರೂ ಹಾಗೆಯೇ. ಪಿಎಚ್ 8 ಇರುವ ನೀರಿನಲ್ಲಿ 20 ಡಿಗ್ರಿಗೆ ನೂರಕ್ಕೆ ಸುಮಾರು 4 ಭಾಗ, 30 ಡಿಗ್ರಿಗೆ ಸುಮಾರು 7ರಿಂದ 8 ಭಾಗ. ಅಂದರೆ ಅಷ್ಟೇ ಗಲೀಜು, ಎರಡರಷ್ಟು ವಿಷ. ಬೋರ್‌ವೆಲ್ ನೀರು ಹಾಕುವವರು ಇದನ್ನು ಗಮನಿಸಿ, ಅದರ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲೇ ಇರುತ್ತದೆ.

ಚಳಿಯ ಕಡೆಯೂ ಕಷ್ಟವಿದೆ. ತಣ್ಣಗಾದಾಗ ಫೈಟರ್‌ನ ಜೀರ್ಣಶಕ್ತಿ, ರೋಗ ತಡೆಯುವ ಶಕ್ತಿ ಎರಡೂ ಕುಗ್ಗುತ್ತವೆ. ಎಲೆ ಮೇಲೆ ಮಲಗಿದೆ ಅಂದಿರಲ್ಲ, ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಮೈಯೇ ನಿಧಾನವಾಗಿದೆ. ಆ ಹೊತ್ತಿನಲ್ಲಿ ಕಾಳು ಹಾಕಬೇಡಿ, ತಿನ್ನದೆ ಕೆಳಗೆ ಕೊಳೆಯುತ್ತದೆ.

ಕರೆಂಟ್_ಕೆಲಸ (ತುಮಕೂರು)

60 ಲೀಟರ್‌ಗೆ 300 ವ್ಯಾಟ್! ಅಣ್ಣಾ, ದಯವಿಟ್ಟು ಅದನ್ನು ಇವತ್ತೇ ತೆಗೆಯಿರಿ.

ಲೆಕ್ಕ ಹೇಳುತ್ತೇನೆ. ಹೀಟರ್ ಒಳಗಿನ ಥರ್ಮೋಸ್ಟಾಟ್ (ಬೇಕಾದಷ್ಟು ಬಿಸಿಯಾದಾಗ ಹೀಟರ್ ಆಫ್ ಮಾಡುವ ಭಾಗ) ಒಂದು ದಿನ ಆನ್ ಸ್ಥಿತಿಯಲ್ಲೇ ಅಂಟಿಕೊಳ್ಳಬಹುದು, ಇದು ಆಗುವಂಥ ತೊಂದರೆಯೇ. ಆಗ 300 ವ್ಯಾಟ್ ಹೀಟರ್ ನಿಮ್ಮ ಟ್ಯಾಂಕನ್ನು ಗಂಟೆಗೆ 4 ಡಿಗ್ರಿಯಷ್ಟು ಏರಿಸುತ್ತದೆ. ನೀವು ಆಫೀಸಿಂದ ಬರುವ ಹೊತ್ತಿಗೆ ಒಂದೂ ಮೀನು ಉಳಿದಿರುವುದಿಲ್ಲ. 50 ವ್ಯಾಟ್ ಅಂಟಿಕೊಂಡರೆ ಗಂಟೆಗೆ ಮುಕ್ಕಾಲು ಡಿಗ್ರಿಯೂ ಏರುವುದಿಲ್ಲ. ಅಷ್ಟರಲ್ಲಿ ಗಾಜಿನಿಂದ, ಮೇಲ್ಮೈಯಿಂದ ಶಾಖ ಹೊರಗೆ ಹೋಗುತ್ತಿರುತ್ತದೆ. ನಿಮಗೆ ಗೊತ್ತಾಗಲು ಟೈಮ್ ಸಿಗುತ್ತದೆ.

ನಮ್ಮ ಊರುಗಳ ಚಳಿಗೆ ಲೀಟರಿಗೆ ಒಂದು ವ್ಯಾಟ್ ಸಾಕು. ನಿಮಗೆ 50 ವ್ಯಾಟ್ ಆಗುತ್ತದೆ. ಮನೆ ತೀರಾ ತಣ್ಣಗಿದ್ದರೆ 75. ಕರೆಂಟ್ ಬಿಲ್ ಬಗ್ಗೆ ಹೆದರಬೇಡಿ. 60 ಲೀಟರನ್ನು 4 ಡಿಗ್ರಿ ಏರಿಸಲು 0.28 ಯೂನಿಟ್ ಸಾಕು, ಆಮೇಲೆ ಕಳೆದುಹೋದ ಶಾಖವನ್ನಷ್ಟೇ ತುಂಬಿಸಬೇಕು. ಟ್ಯಾಂಕಿಗೆ ಮುಚ್ಚಳ ಇರಲಿ. ಹಿಂದೆ ಮತ್ತು ಕೆಳಗೆ ಥರ್ಮಾಕೋಲ್ ಹಾಳೆ ಇಟ್ಟರೆ ಇನ್ನೂ ಕಡಿಮೆ ಉರಿಯುತ್ತದೆ.

ಇದಿಷ್ಟು ಮನೆಮಂದಿಗೆಲ್ಲ ಹೇಳಿಡಿ. ನೀರು ಬದಲಾಯಿಸುವ ಮೊದಲು ಹೀಟರ್ ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ನೀರು ಇಳಿದು ಬಿಸಿ ಗಾಜು ಹೊರಗೆ ಬಂತು ಅಂದರೆ ಸೀಳುತ್ತದೆ, ಆಮೇಲೆ ಆ ನೀರಿಗೆ ಕೈ ಹಾಕಿದವರಿಗೆ ಶಾಕ್. ವೈರ್ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೆ ಹೋಗಬೇಕು. ಆಗ ವೈರ್ ಮೇಲೆ ಇಳಿಯುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಮನೆಯಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಮಗು ಇರುವ ಮನೆ, ಇದರಲ್ಲಿ ರಾಜಿ ಬೇಡ.

ಎರಡಡಿ_ಟ್ಯಾಂಕ್ (ಬೆಂಗಳೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 300 ವ್ಯಾಟ್ ವಾಪಸ್ ಕೊಟ್ಟು 50 ವ್ಯಾಟ್ ತಂದೆ. ಥರ್ಮಾಮೀಟರ್ ಕೂಡ ತಂದೆ. ಹೊಸ ಹೀಟರ್ ಹಾಕುವ ಮೊದಲು ಸುಮ್ನೆ ನೀರಿನ ಬಿಸಿ ಬರೆದಿಟ್ಟೆ. ಬೆಳಗ್ಗೆ 6ಕ್ಕೆ 20.5, ಮಧ್ಯಾಹ್ನ 3ಕ್ಕೆ 23, ರಾತ್ರಿ 10ಕ್ಕೆ 22. ಮರುದಿನವೂ ಹೆಚ್ಚುಕಮ್ಮಿ ಇದೇ. ಟ್ಯಾಂಕ್ ಪೂರ್ವದ ಕಿಟಕಿ ಪಕ್ಕ ಇದೆ.

ಗೋಲ್ಡ್ ಫಿಶ್ ಎರಡನ್ನೂ ಭಾವನ ಮನೆಗೆ ಕೊಟ್ಟೆವು. ಅವರ ತಾರಸಿ ಮೆಟ್ಟಿಲ ಕೆಳಗೆ ದೊಡ್ಡ ಸಿಮೆಂಟ್ ತೊಟ್ಟಿ ಇದೆ. ಮಗಳಿಗೆ ಬೇಜಾರಾಯಿತು, ಆದರೆ ಭಾನುವಾರ ಹೋಗಿ ನೋಡಬಹುದು ಅಂತ ಒಪ್ಪಿಸಿದ್ದೇವೆ.

ಈಗ ನಿಯಾನ್, ಫೈಟರ್ ಮಾತ್ರ. 25ಕ್ಕೆ ಇಡಲಾ?

ಗಪ್ಪಿಮನೆ (ಮೈಸೂರು)

25 ಸರಿ. ಆದರೆ ಒಮ್ಮೆಲೇ ಏರಿಸಬೇಡಿ. ಈಗ 21 ಇದ್ದರೆ ಇವತ್ತು 22.5, ನಾಳೆ 24, ನಾಡಿದ್ದು 25. ಮೀನಿಗೆ ತಪ್ಪು ನಂಬರಿಗಿಂತ ದಿಢೀರ್ ಬದಲಾವಣೆಯೇ ಹೆಚ್ಚು ಕೆಡುಕು. 24ರಲ್ಲೋ 26ರಲ್ಲೋ ನಿಂತಿರುವ ನೀರು, ದಿನಾ 21ಕ್ಕೂ 27ಕ್ಕೂ ಓಡಾಡುವ ನೀರಿಗಿಂತ ಎಷ್ಟೋ ವಾಸಿ. ಕಿಟಕಿ ಪಕ್ಕದಿಂದ ಟ್ಯಾಂಕ್ ಸರಿಸಿ. ಬಿಸಿಲು ಬಿದ್ದರೆ ಬಿಸಿಯೂ ಏರುಪೇರು, ಪಾಚಿಯೂ ಜಾಸ್ತಿ.

ಮೀನು ತರುವಾಗಲೂ ಇದೇ ಮಾತು. ಬೆಂಗಳೂರಿನ ಅಂಗಡಿಗಳಿಗೆ ಬರುವ ಗಪ್ಪಿ, ಮೋಲಿ, ಫೈಟರ್‌ಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರು ಕಡೆ ಸಾಕಿದವು. ಅಲ್ಲಿ ಡಿಸೆಂಬರಿನಲ್ಲೂ ನೀರು ಬೆಚ್ಚಗಿರುತ್ತದೆ. ಅಲ್ಲಿಂದ ಪ್ಯಾಕೆಟ್ಟಿನಲ್ಲಿ ಬಂದು, ನಿಮ್ಮ 20 ಡಿಗ್ರಿ ನೀರಿಗೆ ಬಿದ್ದರೆ ವಾರದೊಳಗೆ ಮೈ ತುಂಬಾ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುತ್ತವೆ. ಪ್ಯಾಕೆಟ್ ಬಿಚ್ಚದೆ 15–20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಟ್ಯಾಂಕಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪ ಸೇರಿಸಿ. ಕೊನೆಗೆ ಮೀನನ್ನು ಮಾತ್ರ ಜಾಳಿಗೆಯಲ್ಲಿ ಎತ್ತಿ ಬಿಡಿ, ಪ್ಯಾಕೆಟ್ ನೀರು ಚೆಲ್ಲಿ.

ಶೆಟ್ಟಿಹಳ್ಳಿ_ಅಕ್ವಾ (ಬೆಂಗಳೂರು)

ಬಿಳಿ ಚುಕ್ಕೆ ಬಂದರೆ 30ಕ್ಕೆ ಏರಿಸಿದರೆ ತಾನೇ ಹೋಗುತ್ತೆ ಅಂತಾರಲ್ಲ, ನಿಜಾನಾ?

ಪ್ರಾಣಿಶಾಸ್ತ್ರ_ಮೇಷ್ಟ್ರು (ಧಾರವಾಡ)

ಅರ್ಧ ನಿಜ. ಬಿಳಿ ಚುಕ್ಕೆ ಬರುವುದು ಒಂದು ಪರಜೀವಿಯಿಂದ. ಆ ಪರಜೀವಿ ಮೀನಿನ ಚರ್ಮದ ಅಡಿಯಲ್ಲಿ ಇರುವಾಗ ಔಷಧಿ ತಾಗುವುದಿಲ್ಲ. ಬೆಳೆದು ಕೆಳಗೆ ಬಿದ್ದು, ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ತಣ್ಣೀರಿನಲ್ಲಿ ಈ ಸುತ್ತು ಮುಗಿಯಲು ವಾರಗಟ್ಟಲೆ ಬೇಕು, 25 ಡಿಗ್ರಿಗೆ ಕೆಲವೇ ದಿನ. ನೀರು ಬಿಸಿ ಮಾಡಿದರೆ ಆ ಸುತ್ತು ಬೇಗ ಓಡುತ್ತದೆ, ಔಷಧಿಗೆ ಬೇಗ ಸಿಗುತ್ತದೆ. ಬಿಸಿಯೊಂದನ್ನೇ ನಂಬಿ ಕೂರಬೇಡಿ, ಔಷಧಿಯೂ ಜೊತೆಗಿರಲಿ. ಚುಕ್ಕೆ ಕಾಣದಾದ ಮೇಲೂ ಕೆಲವು ದಿನ ಔಷಧಿ ಮುಂದುವರಿಸಿ. ನಿಯಾನ್‌ಗೆ 30 ಜಾಸ್ತಿಯಾಯಿತು, 28ಕ್ಕೆ ನಿಲ್ಲಿಸಿ. ಏರ್ ಪಂಪ್ ಜೋರಾಗಿ ಓಡಲಿ.

ಕುಡ್ಲ_ಮೀನು (ಮಂಗಳೂರು)

ನಮ್ಮಲ್ಲಿ ಹೀಟರ್ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿರುತ್ತದೆ ಮಾರಾಯ್ರೆ. ಜನವರಿಯಲ್ಲೂ ಟ್ಯಾಂಕ್ ನೀರು 25ರ ಕೆಳಗೆ ಇಳಿಯುವುದೇ ಅಪರೂಪ. ನಮ್ಮ ಸಮಸ್ಯೆ ಏಪ್ರಿಲ್, ಮೇ. ನೀರು 31, 32ಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಫ್ಯಾನ್ ಹಾಕಿದೆ, ಒಂದು ಡಿಗ್ರಿ ಇಳಿಯಿತು, ಅಷ್ಟೇ. ಬೇರೆ ಏನಾದರೂ ಇದೆಯಾ?

ಬಿಸಿಲೂರು (ಕಲಬುರಗಿ)

ಫ್ಯಾನ್ ನಮ್ಮಲ್ಲಿ ಭಾಳ ಕೆಲಸ ಮಾಡ್ತದ ನೋಡ್ರಿ. ಮೇ ತಿಂಗಳಲ್ಲಿ ಹೊರಗೆ 42, 43 ಇದ್ದಾಗಲೂ ಟ್ಯಾಂಕ್ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನೀರು 3–4 ಡಿಗ್ರಿ ಇಳಿಯುತ್ತದೆ. ನಿಮ್ಮಲ್ಲಿ ಯಾಕೆ ಇಳಿಯಲಿಲ್ಲ ಅಂದರೆ ಗಾಳಿಯಲ್ಲೇ ನೀರು ತುಂಬಿದೆ. ಮಣ್ಣಿನ ಮಡಿಕೆ ತಣ್ಣಗೆ ಮಾಡುವುದೂ ಇದೇ ಕೆಲಸದಿಂದ. ನೀರು ಆವಿಯಾಗಬೇಕು, ಹೋಗುವಾಗ ಶಾಖ ಒಯ್ಯಬೇಕು. ಒಣ ಹವೆ ಇದ್ದರೆ ಬೇಗ ಆವಿಯಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಆ ಆವಿಗೆ ಜಾಗ ಇಲ್ಲ.

ನಮ್ಮ ಕಡೆಯವರಿಗೆ ಎರಡು ಮಾತು. ಫ್ಯಾನ್ ಹಾಕುವಾಗ ಮುಚ್ಚಳ ತೆಗೆದು ಜಾಳಿಗೆ ಹಾಕಿ, ಇಲ್ಲಾಂದರೆ ಮೀನು ಹಾರಿಬಿಡುತ್ತವೆ. ನೀರು ದಿನಾ ತಗ್ಗುತ್ತದೆ, ಅದನ್ನು ಆರ್‌ಒ ನೀರಿನಿಂದ ತುಂಬಿಸಿ. ಆವಿಯಾಗುವುದು ನೀರು ಮಾತ್ರ, ಲವಣ ಎಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ಬೋರ್ ನೀರೇ ಸುರಿಯುತ್ತಾ ಹೋದರೆ ಬೇಸಿಗೆ ಮುಗಿಯುವಷ್ಟರಲ್ಲಿ ಗಾಜಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ನೀರೂ ಗಡಸಾಗುತ್ತದೆ.

ಗಪ್ಪಿಮನೆ (ಮೈಸೂರು)

ಮಂಗಳೂರಿನವರಿಗೆ: ಐಸ್ ಗಡ್ಡೆಯನ್ನು ನೇರವಾಗಿ ಹಾಕಬೇಡಿ. ಬಾಟಲಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿಟ್ಟು, ಅದನ್ನು ತೇಲಿಬಿಡುವವರಿದ್ದಾರೆ. ತುರ್ತಿಗೆ ಸರಿ, ದಿನನಿತ್ಯಕ್ಕೆ ಅಲ್ಲ, ಯಾಕಂದರೆ ಇಳಿದು ಮತ್ತೆ ಏರುತ್ತದೆ. ಲೈಟ್ ಹೊತ್ತು ಕಡಿಮೆ ಮಾಡಿ, ಏರ್ ಪಂಪ್ ಹಗಲು ರಾತ್ರಿ ಓಡಿಸಿ, ಕಾಳು ಅರ್ಧಕ್ಕೆ ಇಳಿಸಿ, ಮೀನಿನ ಸಂಖ್ಯೆ ಕಡಿಮೆ ಇಡಿ. ಇಷ್ಟು ಮಾಡಿದರೆ 31ರಲ್ಲೂ ಏಂಜೆಲ್, ಗೌರಾಮಿ ಬೇಸಿಗೆ ದಾಟುತ್ತವೆ. ಮುಖ್ಯವಾಗಿ, ನೀವು ಕಾರ್ಡಿನಲ್ ಟೆಟ್ರಾ ಇಡಿ, ನಿಯಾನ್ ಬೇಡ. ನೋಡಲು ಅಕ್ಕತಂಗಿಯರ ಹಾಗಿವೆ, ಆದರೆ ಕಾರ್ಡಿನಲ್ ಅಮೆಜಾನಿಗೆ ಸೇರುವ ರಿಯೊ ನೀಗ್ರೊ ನದಿ ಕಡೆಯ ಬೆಚ್ಚನೆ ನೀರಿನದು. 28 ಅದಕ್ಕೆ ಭಾರವಲ್ಲ.

ಹಳ್ಳದ_ಹಾದಿ (ಶಿರಸಿ)

ನಮ್ಮ ಘಟ್ಟದ ಮೀನಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅಂಗಡಿಯಲ್ಲಿ "ಮಿಸ್ ಕೇರಳ" ಅಂತ ಮಾರುತ್ತಾರೆ, ಕೆಂಪು ಗೆರೆ, ಕಪ್ಪು ಗೆರೆ, ಬಾಲದಲ್ಲಿ ಹಳದಿ ಚುಕ್ಕೆ. ಡೆನಿಸನ್ ಬಾರ್ಬ್. ಪಶ್ಚಿಮ ಘಟ್ಟದ, ಕೇರಳ ಮತ್ತು ಕರ್ನಾಟಕದ ಕೆಲವೇ ಹೊಳೆಗಳಲ್ಲಿ ಇರುವ ಮೀನು. 2013ರಲ್ಲಿ ಅದರ ಕುಲಕ್ಕೆ "ಸಹ್ಯಾದ್ರಿಯಾ" ಅಂತಲೇ ಹೆಸರಿಟ್ಟರು. ಅಳಿವಿನಂಚಿನ ಪಟ್ಟಿಯಲ್ಲಿದೆ.

ಇದನ್ನು ಬೆಚ್ಚನೆ ಟ್ಯಾಂಕಿನಲ್ಲಿ ಏಂಜೆಲ್ ಮೀನಿನ ಜೊತೆ ಬಿಟ್ಟವರನ್ನು ನೋಡಿದರೆ ಸಂಕಟವಾಗುತ್ತದೆ. ಕಲ್ಲಿನ ಮೇಲೆ ಧುಮುಕಿ ಓಡುವ ಹಳ್ಳದ ನೀರು ಅದರದ್ದು. ನೀರು ತಂಪಿರಬೇಕು, ಹರಿಯುತ್ತಿರಬೇಕು, ಗುಳ್ಳೆ ತುಂಬಿರಬೇಕು. 20ರಿಂದ 25ರೊಳಗೆ ಇಡಿ. ಗುಂಪಿನಲ್ಲಿ ಓಡಾಡುವ, ಅಂಗೈ ಉದ್ದಕ್ಕೆ ಬೆಳೆಯುವ ಮೀನು. ನಾಲ್ಕು ಅಡಿಯ ಟ್ಯಾಂಕ್ ಇಲ್ಲದವರು ತರಲೇಬೇಡಿ. ತಂದರೆ ಹ್ಯಾಚರಿಯಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ ತನ್ನಿ, ಹೊಳೆಯಿಂದ ಹಿಡಿದದ್ದು ಬೇಡ.

ಹಳೇ_ಟ್ಯಾಂಕ್ (ಬೆಂಗಳೂರು)

ಇದು ಒಳ್ಳೆ ಮಾತು. ಬೆಂಗಳೂರಿನ ಹವೆಗೆ ಹೀಟರ್ ಬೇಡದ ಮೀನುಗಳೇ ಬೇಕಾದಷ್ಟಿವೆ ಅಂತ ನಾನೂ ಹೇಳುತ್ತಿರುವುದು. ಡೇನಿಯೊ, ರೋಸಿ ಬಾರ್ಬ್, ಪೆಪ್ಪರ್ಡ್ ಕೊರಿಡೊರಾಸ್, ಚೆರ್ರಿ ಸೀಗಡಿ. ಚೀನಾದ ವೈಟ್ ಕ್ಲೌಡ್ ಅಂತೂ 16ರಲ್ಲೂ ಚುರುಕಾಗಿರುತ್ತದೆ, ಆದರೆ ಏಪ್ರಿಲ್ ಬಿಸಿ ಅದಕ್ಕೆ ಆಗುವುದಿಲ್ಲ.

ಗಪ್ಪಿಮನೆ (ಮೈಸೂರು)

ಒಪ್ಪಿದೆ ಸರ್. ಬೇಸಿಗೆಯನ್ನೂ ಸೇರಿಸಿ ಯೋಚಿಸಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಗಿತ್ತು. ಹಾಗಾಗಿ ಟ್ಯಾಂಕ್ ಇಡುವ ಕೋಣೆಯಲ್ಲಿ ಒಂದು ಬಕೆಟ್ ನೀರಿಟ್ಟು, ಚಳಿಗಾಲದ ಬೆಳಗ್ಗೆ ಎಷ್ಟು, ಬೇಸಿಗೆಯ ಸಂಜೆ ಎಷ್ಟು ಅಂತ ಅಳೆದು ಬರೆದಿಡಿ. ಆ ಎರಡು ನಂಬರಿನ ನಡುವೆ ಬದುಕುವ ಮೀನನ್ನು ಆರಿಸಿ. ಹೀಟರ್ ಚಳಿಗಾಲದ ಒಂದೆರಡು ಡಿಗ್ರಿ ಕೊರತೆ ತುಂಬಲಿ. ಇಡೀ ವರ್ಷ ಹವೆಯ ಜೊತೆ ಗುದ್ದಾಡುವ ಟ್ಯಾಂಕ್ ಕರೆಂಟ್ ಹೋದ ಮೊದಲ ರಾತ್ರಿಯೇ ಸೋಲುತ್ತದೆ.

ಎರಡಡಿ_ಟ್ಯಾಂಕ್ (ಬೆಂಗಳೂರು)

ಮೂರು ದಿನದಲ್ಲಿ ನಿಧಾನ ಏರಿಸಿ 25ಕ್ಕೆ ತಂದೆ. ಫೈಟರ್ ಎದ್ದು ಓಡಾಡುತ್ತಿದೆ. ಬೆಳಗ್ಗೆ ಗಾಜಿನ ಹತ್ತಿರ ಬೆರಳು ತಂದರೆ ರೆಕ್ಕೆ ಅಗಲಿಸಿ ಬರುತ್ತದೆ. ನಿಯಾನ್‌ಗಳ ಹೊಟ್ಟೆಯ ಕೆಂಪು ಮತ್ತೆ ಕಾಣುತ್ತಿದೆ. ಈಗ ಎರಡು ಪ್ರಶ್ನೆ. ವಾರಕ್ಕೊಮ್ಮೆ ನೀರು ಬದಲಾಯಿಸುವಾಗ ಓವರ್‌ಹೆಡ್ ಟ್ಯಾಂಕಿನ ನೀರು ಬೆಳಗ್ಗೆ ಮಂಜಿನ ಹಾಗಿರುತ್ತದೆ, ಏನು ಮಾಡಲಿ? ಕರೆಂಟ್ ಹೋದರೆ?

ಕರೆಂಟ್_ಕೆಲಸ (ತುಮಕೂರು)

ನೀರಿನ ಲೆಕ್ಕ ಸುಲಭ. 60 ಲೀಟರ್, 25 ಡಿಗ್ರಿ. ಅದರಲ್ಲಿ 15 ಲೀಟರ್ ತೆಗೆದು 17 ಡಿಗ್ರಿ ನೀರು ಸುರಿದರೆ ಇಡೀ ಟ್ಯಾಂಕ್ 23ಕ್ಕೆ ಬೀಳುತ್ತದೆ. ಅರ್ಧ ಟ್ಯಾಂಕ್ ಬದಲಾಯಿಸಿದರೆ 21. ಅದಕ್ಕೆ ಹಿಂದಿನ ರಾತ್ರಿಯೇ ಬಕೆಟ್ ತುಂಬಿ ಟ್ಯಾಂಕ್ ಇರುವ ಕೋಣೆಯಲ್ಲೇ ಇಡಿ. ಬೆಳಗ್ಗೆ ಒಂದು ಚೊಂಬು ಬಿಸಿನೀರು ಬೆರೆಸಿ, ಥರ್ಮಾಮೀಟರ್ ಅದ್ದಿ, ಟ್ಯಾಂಕಿಗೂ ಬಕೆಟ್ಟಿಗೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ ಅಂತ ನೋಡಿ ಸುರಿಯಿರಿ. ಕೈ ಅದ್ದಿ ನೋಡಿದರೆ ಸಾಲದು, ಚಳಿಯಲ್ಲಿ ಕೈಗೆ ಎಲ್ಲವೂ ಬೆಚ್ಚಗೆ ಅನ್ನಿಸುತ್ತದೆ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಮರೆಯಬೇಡಿ. ಬೇಸಿಗೆಯಲ್ಲಿ ಇದೇ ತಿರುಗುಮುರುಗು, ಮಧ್ಯಾಹ್ನದ ತಾರಸಿ ಟ್ಯಾಂಕಿನ ನೀರನ್ನು ನೇರವಾಗಿ ಬಿಡಬೇಡಿ.

ಕರೆಂಟ್ ಹೋದರೆ ಟ್ಯಾಂಕಿನ ಗಾಜಿಗೆ ದಪ್ಪ ಕಂಬಳಿ ಸುತ್ತಿ. 60 ಲೀಟರ್ ನೀರು ಗಂಟೆಯೊಳಗೆ ತಣ್ಣಗಾಗುವುದಿಲ್ಲ, ಗಾಬರಿ ಬೇಡ. ಬಿಸಿಗಿಂತ ಮೊದಲು ಗಾಳಿಯ ಚಿಂತೆ ಮಾಡಿ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕಂಬಳಿ ಮೇಲ್ಭಾಗ ಪೂರ್ತಿ ಮುಚ್ಚಬಾರದು.

ಶೆಟ್ಟಿಹಳ್ಳಿ_ಅಕ್ವಾ (ಬೆಂಗಳೂರು)

ಕಂಬಳಿ ಹೊದಿಸುವ ಮೊದಲು ಹೀಟರ್ ಪ್ಲಗ್ ಕೀಳಬೇಕಾ?

ಕರೆಂಟ್_ಕೆಲಸ (ತುಮಕೂರು)

ಹೌದು, ಕೀಳಿ. ಕರೆಂಟ್ ಬಂದಾಗ ಕಂಬಳಿ ತೆಗೆದು, ನೀರಿನ ಮಟ್ಟ ಹೀಟರ್ ಮೇಲಿನ ಗೆರೆಗಿಂತ ಮೇಲಿದೆಯಾ ನೋಡಿ, ಆಮೇಲೆ ಹಾಕಿ.